ಚಿತ್ರಕಾರನು ಮಾಡಿಸಿದ ಕಾಗದ

ಪತ್ರಿಕೆಯನ್ನು ನಡೆಯಿಸುವವರು ಕಾಗದದ ಋಣದಲ್ಲಿ ಬಾಳುವವರು. ಆದರೂ ಆ ಕಾಗದವು ಏತರಿಂದಾದುದು, ಎಷ್ಟು ದಿನ ಬಾಳೀತು ಎಂದು ವಿಚಾರಿಸುವ ಪುರಸತ್ತು ನಮಗೆ ದೊರೆಯುವುದೇ ಅಪರೂಪ. ಈಚೆಗೆ ಒಂದು ಹಳೆಯ ವರದಿಯ ತಾರೀಖನ್ನು ನೋಡಬೇಕಾಗಿ ಬಂದು, ಕಚೇರಿಯ ಅಟ್ಟದ ಮೇಲಿದ್ದ ಸಂಚಿಕೆಗಳ ಕಟ್ಟೊಂದನ್ನು ಇಳಿಸಿದೆವು. ದಾರ ಬಿಚ್ಚುವಷ್ಟರಲ್ಲಿ ಅಂಚುಗಳು ಹಪ್ಪಳದಂತೆ ಮುರಿದುಬಿದ್ದವು. ಒಮ್ಮೆ ಬೆಳ್ಳಗಿದ್ದ ಹಾಳೆಗಳು ಕಷಾಯದ ಬಣ್ಣಕ್ಕೆ ತಿರುಗಿದ್ದವು. ಅದೇ ಅಟ್ಟದ ಮೇಲೆ, ಅದೇ ಧೂಳಿನಲ್ಲಿ, ನಮ್ಮ ಮನೆತನದ ಹಿರಿಯರ ಕೈಕಾಗದದ ಲೆಕ್ಕದ ವಹಿಯೊಂದಿದ್ದಿತು. ಅದರ ಹಾಳೆಗಳು ಇಂದಿಗೂ ಬಟ್ಟೆಯಂತೆ ಬಾಗುವುವು. ಕೊಟ್ಟ ಸಾಲವೂ ಬಾರದ ಬಡ್ಡಿಯೂ ಅಲ್ಲಿ ಸ್ಪಷ್ಟವಾಗಿ ಓದಬರುವುವು.

ಸುದ್ದಿಯ ಕಾಗದವು ಒಂದು ದಿನದ ಬಾಳಿಗೆಂದೇ ಹುಟ್ಟಿದುದು. ಅದು ಪುಡಿಯಾದರೆ ಸಂಪಾದಕನ ಅಹಂಕಾರವೊಂದೇ ಮುರಿಯುವುದು. ಅದರಿಂದ ಲೋಕಕ್ಕೇನೂ ನಷ್ಟವಿಲ್ಲ. ಆದರೆ ಜಲವರ್ಣದ ಚಿತ್ರಕಾರನ ಗತಿ ಬೇರೆ. ಅವನ ಕೃತಿಗೂ ಕಾಗದಕ್ಕೂ ಇರುವ ಸಂಬಂಧವು ದೇಹಕ್ಕೂ ಉಸಿರಿಗೂ ಇರುವ ಸಂಬಂಧ. ಈ ಮಾತನ್ನು ಮನಸ್ಸಿಗೆ ಹಚ್ಚಿಕೊಂಡು, ತನ್ನ ಹಣವನ್ನೂ ಕಾಲವನ್ನೂ ಒಳ್ಳೆಯ ಕಾಗದವನ್ನು ಮಾಡಿಸುವುದರಲ್ಲಿ ಕಳೆದ ಒಬ್ಬ ಆಂಗ್ಲ ಚಿತ್ರಕಾರನ ವೃತ್ತಾಂತವನ್ನು ಇಂದು ಓದುಗರ ಮುಂದಿಡಬೇಕೆಂದಿರುವೆವು. ಅವನ ಹೆಸರು ಜಾನ್ ವಿಲಿಯಂ ನಾರ್ತ್. ನಮ್ಮವರಲ್ಲಿ ಈ ಹೆಸರನ್ನು ಕೇಳಿದವರು ವಿರಳ; ಅವನ ದೇಶದಲ್ಲಿಯೂ ಈಗ ಹೆಚ್ಚು ಜನರು ಕೇಳಿರಲಾರರು.

ಅವನ ಕಥೆಗೆ ಮೊದಲು ಕಾಗದದ ಕಥೆಯನ್ನು ಕೊಂಚ ಹೇಳಬೇಕು. ತೈಲವರ್ಣದವನಿಗೆ ಬಿಳುಪು ಬೇಕಾದರೆ ಬಿಳಿಯ ಬಣ್ಣವನ್ನು ಬಳಿಯುವನು. ಶುದ್ಧ ಜಲವರ್ಣದಲ್ಲಿ ಆ ಅನುಕೂಲವಿಲ್ಲ. ಅಲ್ಲಿ ಬಣ್ಣವು ತೆಳುವಾದ ನೀರಿನ ಪರದೆ. ಬೆಳಕು ಆ ಪರದೆಯನ್ನು ದಾಟಿ, ಕಾಗದವನ್ನು ಮುಟ್ಟಿ, ಮರಳಿ ನಮ್ಮ ಕಣ್ಣಿಗೆ ಬರುವುದು. ಮೋಡದ ಅಂಚಿನ ಹೊಳಪಾಗಲಿ, ಕೆರೆಯ ಮೇಲಿನ ಮಿಂಚಾಗಲಿ, ಏನನ್ನೂ ಬಳಿಯದೆ ಬಿಟ್ಟ ಕಾಗದವೇ ಆಗಿರುವುದು. ಆದುದರಿಂದ ಕಾಗದವು ಹಳದಿಯಾದ ದಿನ ಚಿತ್ರದ ಸೂರ್ಯನಿಗೂ ಕಾಮಾಲೆ ಬರುವುದು.

ಇನ್ನು ನೀರಿನ ಮಾತು. ಬರಿಯ ನಾರಿನ ಕಾಗದವು ಒತ್ತುಕಾಗದದಂತೆ ನೀರನ್ನು ಹೀರಿಬಿಡುವುದು; ಕುಂಚ ಮುಟ್ಟಿದಲ್ಲಿ ಬಣ್ಣವು ಹರಡಿ, ಒಳಗಿಳಿದು, ಸತ್ತು ಹೋಗುವುದು. ಇದನ್ನು ತಡೆಯಲು, ನೇಕಾರನು ಹಾಸಿಗೆ ಗಂಜಿ ಕೊಡುವಂತೆ, ಕಾಗದಕ್ಕೆ ಅಂಟನ್ನು ಕುಡಿಸಬೇಕು. ನಮ್ಮ ದೇಶದ ಕಾಗದಗಾರರು ಅಕ್ಕಿಯ ಅಥವಾ ಗೋದಿಯ ಗಂಜಿಯನ್ನು ಹಾಕಿ, ನುಣುಪಾದ ಕಲ್ಲಿನಿಂದ ತಿಕ್ಕಿ ಮಿರುಗು ಬರಿಸುತ್ತಿದ್ದರು. ಕನ್ನಡ ನಾಡಿನ ಕಡತವೂ ಇದೇ ಜಾತಿಯದು. ಅರಿವೆಗೆ ಹುಣಸೆಬೀಜದ ಅಂಟನ್ನೂ ಇದ್ದಿಲನ್ನೂ ಬಳಿದು, ಬಳಪದಿಂದ ಬರೆಯುತ್ತಿದ್ದುದನ್ನು ಹಿರಿಯರು ಬಲ್ಲರು. ಗಂಜಿಯ ನುಣುಪು ಕಾಗದವು ಮಂದವಾದ ಬಣ್ಣಕ್ಕೂ ಕೂದಲೆಳೆಯ ರೇಖೆಗೂ ಬಹಳ ಚೆನ್ನು. ನೀರನ್ನು ಸುರಿದು ಬಣ್ಣವನ್ನು ಓಡಾಡಿಸುವ ಪದ್ಧತಿಗೆ ಅದು ಒಗ್ಗದು. ಯುರೋಪಿನವರು ಇಟಲಿಯ ಫಾಬ್ರಿಯಾನೋ ಎಂಬ ಊರಿನಲ್ಲಿ ಹದಿಮೂರನೆಯ ಶತಮಾನದಲ್ಲಿಯೇ ಬೇರೊಂದು ದಾರಿಯನ್ನು ಹಿಡಿದರು. ತೊಗಲಿನ ಚೂರುಗಳನ್ನು ಕುದಿಸಿ ತೆಗೆದ ಸರೇಸಿನಲ್ಲಿ ಒಣಗಿದ ಹಾಳೆಗಳನ್ನು ಅದ್ದಿ ತೆಗೆಯುವುದೇ ಆ ದಾರಿ. ಮಡಿವಂತ ಓದುಗರು ಮೂಗು ಮುಚ್ಚಿಕೊಳ್ಳುವರೆಂದು ನಾವು ಬಲ್ಲೆವು. ಆದರೆ ನಿಜವನ್ನು ಮರೆಮಾಚಲಾಗದು. ಈ ಕೆಲಸದಲ್ಲಿ ಹಾಳೆಗಳು ಹರಿದು ಕೆಡುವುದು ಎಷ್ಟಿತ್ತೆಂದರೆ, ಕಾಗದಗಾರರು ಸರೇಸಿನ ಕೋಣೆಯನ್ನು ಕಸಾಯಿಖಾನೆಯೆಂದೇ ಕರೆಯುತ್ತಿದ್ದರಂತೆ.

ಇಂಗ್ಲೆಂಡಿನ ಕೆಂಟ್ ಪ್ರಾಂತದ ಮೇಡ್‌ಸ್ಟನ್ ಊರಿನ ಬಳಿ ಜೇಮ್ಸ್ ವಾಟ್‌ಮನ್ ಎಂಬ ಕಾಗದಗಾರನಿದ್ದನು. ಅದುವರೆಗಿನ ಕಾಗದವನ್ನು ಬೆಳಕಿಗೆ ಹಿಡಿದರೆ ಅಚ್ಚಿನ ತಂತಿಗಳ ಗೆರೆಗಳು ಸಾಲುಸಾಲಾಗಿ ಕಾಣುತ್ತಿದ್ದವು. ತೆಳುವಾದ ಬಣ್ಣವು ಆ ಗೆರೆಗಳಲ್ಲಿ ನಿಂತುಬಿಡುತ್ತಿದ್ದಿತು. ವಾಟ್‌ಮನ್ ಬಟ್ಟೆಯಂತೆ ಒತ್ತಾಗಿ ಹೆಣೆದ ಸಣ್ಣ ತಂತಿಯ ಜಾಲರಿಯಿಂದ ಹಾಳೆ ಎತ್ತಿದನು. ೧೭೫೭ರಲ್ಲಿ ಬಾಸ್ಕರ್‌ವಿಲ್ ಎಂಬ ಪ್ರಸಿದ್ಧ ಮುದ್ರಕನು ಲ್ಯಾಟಿನ್ ಕವಿ ವರ್ಜಿಲನ ಕಾವ್ಯವನ್ನು ಅಚ್ಚುಹಾಕಿದಾಗ ಈ ಕಾಗದವು ಲೋಕದ ಕಣ್ಣಿಗೆ ಬಿದ್ದಿತು. ಗಮನಿಸಬೇಕು: ಅದು ಹುಟ್ಟಿದುದು ಮುದ್ರಕನಿಗಾಗಿ. ಚಿತ್ರಕಾರರು ಅದನ್ನು ತಾವಾಗಿಯೇ ಹುಡುಕಿಕೊಂಡು ಬಂದರು. ಗೇನ್ಸ್‌ಬರೋ ಎಂಬ ಮಹಾ ಚಿತ್ರಕಾರನು ೧೭೬೭ರಲ್ಲಿ ಒಂದು ಪದ್ಯಪುಸ್ತಕದ ಕಾಗದವನ್ನು ಕಂಡು ಮೋಹಗೊಂಡು, ತನ್ನ ಚಿತ್ರಗಳಿಗೆ ಅಂಥದೇ ಹಾಳೆ ಬೇಕೆಂದು ಪುಸ್ತಕ ವ್ಯಾಪಾರಿಗೆ ಪತ್ರ ಬರೆದನು. ವ್ಯಾಪಾರಿಯು ಕಳುಹಿಸಿದ ಮಾದರಿಯಲ್ಲಿ ತಂತಿಯ ಗೆರೆಗಳಿದ್ದುದನ್ನು ಕಂಡು ನಿರಾಶನಾಗಿ ಮತ್ತೆ ಬರೆದನು. ಸರದಾರರ ರೂಪಗಳನ್ನು ಬರೆದು ಕೀರ್ತಿಯ ಶಿಖರದಲ್ಲಿದ್ದವನು ಒಂದು ಗೆರೆಗಾಗಿ ಇಷ್ಟು ಗೋಗರೆದನು! ಆ ಗೆರೆಯು ತನ್ನ ಆಕಾಶದ ಮೇಲೆ ಬೀಳುವುದೆಂದು ಅವನು ಅರಿತಿದ್ದನು.

ಆ ಕಾಗದವು ಹಡಗೇರಿ ನಮ್ಮ ದೇಶಕ್ಕೂ ಬಂದಿತು. ಕಲಕತ್ತೆಯ ಮುಖ್ಯ ನ್ಯಾಯಾಧೀಶನಾಗಿದ್ದ ಇಂಪೆಯ ಪತ್ನಿಯು ೧೭೭೭ರ ಸುಮಾರಿನಿಂದ ಕೆಲವು ವರ್ಷ ಪಕ್ಷಿಪ್ರಾಣಿಗಳ ಚಿತ್ರಗಳನ್ನು ಬರೆಯಿಸಿದಳು. ಬರೆದವರು ಪಾಟ್ನಾದ ಕಡೆಯ ಶೇಖ್ ಜೈನುದ್ದೀನ್, ಭವಾನಿದಾಸ, ರಾಮದಾಸ ಎಂಬ ನಮ್ಮವರೇ ಆದ ಮೂವರು; ಕಾಗದ ಮಾತ್ರ ವಾಟ್‌ಮನ್ನನದು. ಒಡತಿ ಪರದೇಶದವಳು, ಹಾಳೆ ಪರದೇಶದ್ದು, ಕೈ ಮಾತ್ರ ಈ ನೆಲದ್ದು. ಆದರೂ ಆ ಹಕ್ಕಿಗಳ ಒಂದೊಂದು ಗರಿಯೂ ಉಳಿದುಬಂದಿದೆ. ಅದಕ್ಕೆ ಆ ಹಾಳೆಗೂ ಪಾಲು ಸಲ್ಲಬೇಕು. ಮುಂದೆ ಟರ್ನರ್ ಎಂಬ ಜಲವರ್ಣದ ಮಹಾರಥಿಯು ಇದೇ ಹೆಸರಿನ ಕಾಗದವನ್ನು ಯುದ್ಧಭೂಮಿಯನ್ನಾಗಿ ಮಾಡಿಕೊಂಡನು. ೧೮೧೮ರಲ್ಲಿ ಅವನು ಒಂದು ಯುದ್ಧನೌಕೆಯ ಚಿತ್ರವನ್ನು ಒಂದೇ ಬೆಳಗಿನಲ್ಲಿ ಬರೆದುದನ್ನು ಕಂಡವರು, ಹಾಳೆ ತೊಯ್ದು ತೊಪ್ಪೆಯಾಗುವವರೆಗೆ ಬಣ್ಣ ಸುರಿದು, ಹುಚ್ಚನಂತೆ ಕೆರೆದು, ಉಜ್ಜಿ, ಉಗುರಿನಿಂದ ಗೀರಿದನೆಂದು ಹೇಳಿರುವರು. ಅಂಥ ಹಿಂಸೆಯನ್ನು ತಾಳಬೇಕಾದರೆ ನಾರು ಉದ್ದವಾಗಿರಬೇಕು, ಸರೇಸು ಆಳವಾಗಿರಬೇಕು. ಇಂದು ನಮ್ಮ ಕಾಲೇಜುಗಳ ಪ್ರಯೋಗಶಾಲೆಯಲ್ಲಿ ವಿದ್ಯಾರ್ಥಿಗಳು ಸೋಸುಕಾಗದದ ಪೊಟ್ಟಣದ ಮೇಲೆ ಓದುವ ಹೆಸರೂ ಈ ವಾಟ್‌ಮನ್ನನದೇ.

ಹೀಗಿದ್ದಮೇಲೆ ಹೊಸ ಕಾಗದದ ಚಿಂತೆ ನಾರ್ತನಿಗೆ ಏಕೆ ಬಂದಿತೆಂದು ಓದುಗರು ಕೇಳುವುದು ಸಹಜ. ಉತ್ತರವು ಹತ್ತೊಂಬತ್ತನೆಯ ಶತಮಾನದ ವ್ಯಾಪಾರದಲ್ಲಿದೆ. ಮೊದಲು ಚಿಂದಿಯನ್ನು ಬಿಸಿಲು, ನೀರು, ಕಾಲ ಇವುಗಳಿಂದ ಬೆಳ್ಳಗೆ ಮಾಡುತ್ತಿದ್ದರು. ಕ್ಲೋರಿನ್ ದೊರೆತ ಮೇಲೆ, ೧೭೯೯ರಲ್ಲಿ ಚಲುವೆಯ ಪುಡಿಯೂ ಬಂದು, ಕೊಳೆಯ ಅರಿವೆಯೂ ಗಂಟೆಗಳಲ್ಲಿ ಬೆಳ್ಳಗಾಗತೊಡಗಿತು. ಸರಿಯಾಗಿ ತೊಳೆಯದಿದ್ದರೆ ಅದರ ಶೇಷವು ನಾರನ್ನು ಒಳಗಿನಿಂದ ತಿನ್ನುವುದು. ೧೮೦೭ರಲ್ಲಿ ಜರ್ಮನಿಯ ಇಲ್ಲಿಗ್ ಎಂಬವನು ಸರೇಸಿಗೆ ಬದಲಾಗಿ ರಾಳವನ್ನೂ ಪಟಿಕವನ್ನೂ ಅಂಬಲಿಯಲ್ಲಿಯೇ ಬೆರಸುವ ಅಗ್ಗದ ಉಪಾಯವನ್ನು ಪ್ರಕಟಿಸಿದನು. ಅದು ಕಾಗದದಲ್ಲಿ ಹುಳಿಯನ್ನು ಬಿತ್ತಿತು. ೧೮೪೦ರ ದಶಕದಲ್ಲಿ ಮರವನ್ನು ಅರೆದು ಕಾಗದ ಮಾಡುವ ವಿದ್ಯೆ ಬಂದಿತು. ಮರದಲ್ಲಿರುವ ಲಿಗ್ನಿನ್ ಎಂಬ ಪದಾರ್ಥವು ಬೆಳಕನ್ನು ಕಂಡೊಡನೆ ಕಂದುವುದು. ನಮ್ಮ ಅಟ್ಟದ ಮೇಲಿನ ಕಟ್ಟೇ ಅದಕ್ಕೆ ಸಾಕ್ಷಿ. ಜನಸಾಮಾನ್ಯರಿಗೆ ಪುಸ್ತಕವೂ ಪತ್ರಿಕೆಯೂ ದೊರೆತುದು ಈ ಅಗ್ಗದ ಕಾಗದದಿಂದಲೇ ಆದುದರಿಂದ ಅದನ್ನು ಬರಿದೆ ನಿಂದಿಸಲು ನಮಗೆ ಬಾಯಿಲ್ಲ. ಆದರೆ ಕಣ್ಣಿಗೆ ಬಿಳುಪಾಗಿ ಕಾಣುವ ಎಲ್ಲವೂ ಒಂದೇ ಬೆಲೆಯ ಮಾಲಲ್ಲವೆಂಬುದು ಆಗ ಮರೆಯಾಯಿತು.

ಇದನ್ನು ಮೊದಲು ಗಟ್ಟಿಯಾಗಿ ಹೇಳಿದವರಲ್ಲಿ ಜಾನ್ ರಸ್ಕಿನ್ ಒಬ್ಬನು. ಗಾಂಧೀಜಿಯವರು ಯಾರ ಗ್ರಂಥವೊಂದನ್ನು ೧೯೦೮ರಲ್ಲಿ ಗುಜರಾತಿಗೆ ತಂದು ಸರ್ವೋದಯವೆಂದು ಕರೆದರೋ ಆ ರಸ್ಕಿನ್ನೇ ಇವನು. ೧೮೫೭ರಲ್ಲಿ ಮ್ಯಾಂಚೆಸ್ಟರಿನಲ್ಲಿ ಕಲೆಯ ಅರ್ಥಶಾಸ್ತ್ರವನ್ನು ಕುರಿತು ಉಪನ್ಯಾಸ ಮಾಡುವಾಗ, ಜಲವರ್ಣದ ಚಿತ್ರಕ್ಕೆ ನೂರಾರು ಗಿನಿ ಕೊಡುವವರು ಅದರ ಕಾಗದವು ಎಷ್ಟು ದಿನ ಇದ್ದೀತೆಂದು ಕೇಳುವುದಿಲ್ಲವೆಂದು ಅವನು ಹಾಸ್ಯ ಮಾಡಿದನು. ಸರ್ಕಾರವೇ ಒಂದು ಕಾಗದದ ಕಾರ್ಖಾನೆಯನ್ನು ತೆರೆಯಲಿ. ರಸಾಯನಶಾಸ್ತ್ರಜ್ಞನೊಬ್ಬನು ಅದಕ್ಕೆ ಹೊಣೆಯಾಗಲಿ. ಪ್ರತಿ ಹಾಳೆಯ ಮೂಲೆಯಲ್ಲಿ ಸರ್ಕಾರದ ಮುದ್ರೆ ಬೀಳಲಿ. ಕೊಳ್ಳುವವನು ಆ ಮುದ್ರೆಗೆ ಒಂದು ಷಿಲಿಂಗ್ ಹೆಚ್ಚು ಕೊಟ್ಟರೆ ತಾನು ಕೊಂಡುದು ಚಿತ್ರವೇ ಹೊರತು ಬಣ್ಣದ ಚಿಂದಿಯಲ್ಲವೆಂಬ ನೆಮ್ಮದಿ ಅವನಿಗಿರಲಿ. ಇದು ಅವನ ಸಲಹೆ. ಅಂದಿನ ಅವರ ಸರ್ಕಾರವು ದೇಶದೇಶಗಳ ಮೇಲೆ ತನ್ನ ಮುದ್ರೆಯನ್ನು ಒತ್ತುವುದರಲ್ಲಿ ನಿರತವಾಗಿದ್ದಿತು. ಕಾಗದದ ಮೂಲೆಯ ಮುದ್ರೆಗೆ ಅದಕ್ಕೆ ವ್ಯವಧಾನವಿರಲಿಲ್ಲ.

ಮೂವತ್ತು ವರ್ಷಗಳ ಮೇಲೆ ಬೇನೆ ಬಹಿರಂಗವಾಯಿತು. ಸಾರ್ವಜನಿಕ ಚಿತ್ರಶಾಲೆಗಳಲ್ಲಿ ಬೆಳಕಿಗೆ ತೂಗುಹಾಕಿದ ಜಲವರ್ಣಗಳು ಮಾಸಿಹೋಗುತ್ತಿವೆಯೆಂದು ಜೆ. ಸಿ. ರಾಬಿನ್ಸನ್ ಎಂಬ ಕಲಾಜ್ಞನು ೧೮೮೬ರಲ್ಲಿ ಪತ್ರಿಕೆಯಲ್ಲಿ ಬರೆದನು. ಚಿತ್ರಕಾರರು ತಮ್ಮ ಜೀವನಕ್ಕೇ ಕಲ್ಲುಬಿದ್ದಿತೆಂದು ಕೂಗೆಬ್ಬಿಸಿದರು. ಸರ್ಕಾರದ ಕೋರಿಕೆಯಂತೆ ರಸಲ್ ಮತ್ತು ಆಬ್ನಿ ಎಂಬ ವಿಜ್ಞಾನಿಗಳು ಪರೀಕ್ಷಿಸಿ ೧೮೮೮ರಲ್ಲಿ ವರದಿಯಿತ್ತರು. ಬೆಳಕು, ತೇವ, ಗಾಳಿ ಈ ಮೂರೂ ಕೂಡಿದಾಗ ಹಲವು ಬಣ್ಣಗಳು ಅಳಿಯುವುವೆಂದು ಅದರಿಂದ ತಿಳಿದುಬಂದಿತು. ವಾದವೆಲ್ಲ ಬಣ್ಣದ ಮೇಲೆಯೇ ನಡೆಯಿತು. ಬಣ್ಣದ ಕೆಳಗಿರುವುದನ್ನು ಕುರಿತು ಚಿಂತಿಸಿದವರು ಕೆಲವರೇ.

ಆ ಕೆಲವರಲ್ಲಿ ನಾರ್ತ್ ಒಬ್ಬನು. ಲಂಡನ್ನಿನವನು, ಬಾಲ್ಯದಲ್ಲಿ ಮರದ ಅಚ್ಚು ಕೊರೆಯುವವನ ಬಳಿ ಕೆಲಸ ಕಲಿತು, ಪುಸ್ತಕಗಳಿಗೆ ಚಿತ್ರ ಬರೆದು ಹೊಟ್ಟೆ ಹೊರೆದವನು. ಬಳಿಕ ಸಾಮರ್ಸೆಟ್ ಪ್ರಾಂತದ ಹಳ್ಳಿಗಾಡಿನಲ್ಲಿ ನೆಲಸಿ, ಅಲ್ಲಿಯ ತೋಟ, ಬೇಲಿ, ಪೊದೆ, ತೊರೆಗಳನ್ನು ಬರೆದನು. ಮರವನ್ನು ದೂರದಿಂದ ಒಂದು ಹಸುರು ಮುದ್ದೆಯಾಗಿ ಬರೆದು ತೃಪ್ತನಾಗುವವನಲ್ಲ. ಪೊದೆಯ ಒಳಗಿನ ಕಡ್ಡಿಕಡ್ಡಿಯ ಜಟಿಲತೆಯೂ ಕಾಣಬೇಕು, ಅದರ ಮೇಲೆ ಮಂಜಿನ ಮಬ್ಬೂ ಇರಬೇಕು. ಇಂಥ ಕೆಲಸಕ್ಕೆ ಒಂದೇ ಜಾಗದಲ್ಲಿ ಹತ್ತು ಸಲ ಬಣ್ಣ ಬಿದ್ದೀತು, ಒರೆಸಲ್ಪಟ್ಟೀತು. ದುರ್ಬಲವಾದ ಕಾಗದವು ಮೂರನೆಯ ಸಲಕ್ಕೇ ನೂಲೆದ್ದು ನಿಲ್ಲುವುದು. ೧೮೦೪ರಲ್ಲಿ ಸ್ಥಾಪಿತವಾದ, ಹಳೆಯ ಜಲವರ್ಣ ಸಂಘವೆಂದು ಜನರು ಕರೆಯುತ್ತಿದ್ದ ಸಂಸ್ಥೆಗೆ ಅವನು ಸದಸ್ಯನಾಗಿದ್ದನು. ೧೮೯೩ರಲ್ಲಿ ರಾಯಲ್ ಅಕಾಡೆಮಿಯೂ ಅವನನ್ನು ಸಹಸದಸ್ಯನನ್ನಾಗಿ ಆರಿಸಿತು. ಐವತ್ತು ದಾಟಿದ ಆ ವಯಸ್ಸಿನಲ್ಲಿ ಮನುಷ್ಯನು ಹೆಸರನ್ನು ಹಣವಾಗಿ ಮಾರ್ಪಡಿಸಿಕೊಳ್ಳುವುದು ಲೋಕರೂಢಿ. ನಾರ್ತ್ ಅದಕ್ಕೆ ವಿರುದ್ಧವಾಗಿ, ಇದ್ದ ಹಣವನ್ನು ಕಾಗದವಾಗಿ ಮಾರ್ಪಡಿಸಹೊರಟನು.

ಅವನು ಹುಡುಕಿದುದು ಶುದ್ಧ ಲಿನನ್ನಿನ ಕಾಗದ. ಎಂದರೆ ಅಗಸೆಯ ನಾರಿನ ಬಟ್ಟೆಯ ಚಿಂದಿಯಿಂದಾದುದು. ನಮ್ಮ ಉತ್ತರ ಕರ್ನಾಟಕದ ರೈತನು ಅಗಸೆಯನ್ನು ಎಣ್ಣೆಗೂ ಹಿಂಡಿಗೂ ಬೆಳೆಯುವನು. ಶೀತದೇಶಗಳಲ್ಲಿ ಅದರ ಕಾಂಡವನ್ನು ಕೊಳೆಯಿಸಿ ನಾರು ತೆಗೆಯುವರು. ಅದು ಹತ್ತಿಗಿಂತ ಗಟ್ಟಿ. ಅರೆದಾಗ ಎಳೆಗಳು ಸೀಳಿ ಒಂದಕ್ಕೊಂದು ಕೈಹಿಡಿದುಕೊಂಡು ಬಿಗಿಯಾದ, ತಟ್ಟಿದರೆ ಸದ್ದು ಕೊಡುವ ಹಾಳೆಯಾಗುವುದು. ಹಿಂದಿನ ಕಾಲದ ಯುರೋಪಿನ ಕಾಗದವೆಲ್ಲ ಬಹುಮಟ್ಟಿಗೆ ಇಂಥ ಚಿಂದಿಯಿಂದಲೇ ಆದುದು. ಹತ್ತಿಯ ಗಿರಣಿಗಳು ಹೆಚ್ಚಿದ ಮೇಲೆ ಅದು ದುರ್ಲಭವಾಯಿತು. ಆದುದರಿಂದ ನಾರ್ತನದು ಹೊಸ ಶೋಧವೆನ್ನುವುದಕ್ಕಿಂತ ಕಳೆದುಹೋದ ಒಡವೆಯನ್ನು ಅರಸಿದ ಕೆಲಸವೆನ್ನಬೇಕು.

ಅವನು ೧೮೯೫ರ ಸುಮಾರಿಗೆ ಓ. ಡಬ್ಲ್ಯು. ಎಂಬ ಗುರುತಿನಿಂದ ಒಂದು ಕಾಗದದ ಕಂಪನಿಯನ್ನು ಹೂಡಿದನು. ಹಾಳೆಗಳನ್ನು ಮಾಡಿದುದು ವಾಟ್‌ಮನ್ನನ ಮೇಡ್‌ಸ್ಟನ್ ಬಳಿಯೇ ಇದ್ದ ಹೇಲ್ ಮಿಲ್ ಎಂಬ ಕೈಕಾಗದದ ಕಾರ್ಖಾನೆ; ಗ್ರೀನ್ ಮನೆತನದವರು ಅದನ್ನು ತಲೆತಲಾಂತರದಿಂದ ನಡೆಯಿಸಿಕೊಂಡು ಬಂದಿದ್ದರು. ಇಂಥ ಕಾರ್ಖಾನೆಯ ಕೆಲಸವನ್ನು ಕಣ್ಣ ಮುಂದೆ ತಂದುಕೊಳ್ಳುವುದು ಒಳ್ಳೆಯದು. ಹೆಂಗಸರು ಚಿಂದಿಯನ್ನು ಆರಿಸಿ, ಗುಂಡಿ ಕತ್ತರಿಸಿ, ಹೊಲಿಗೆ ಬಿಚ್ಚಿ ಬೇರ್ಪಡಿಸುವರು. ಅದನ್ನು ತೊಳೆದು, ಬೇಯಿಸಿ, ಅಲಗುಗಳ ಉರುಳೆಯುಳ್ಳ ತೊಟ್ಟಿಯಲ್ಲಿ ಗಂಟೆಗಟ್ಟಲೆ ಅರೆದು ಅಂಬಲಿ ಮಾಡುವರು. ಒಬ್ಬನು ಜಾಲರಿಯ ಅಚ್ಚನ್ನು ತೊಟ್ಟಿಯಲ್ಲಿ ಅದ್ದಿ, ಎತ್ತಿ, ನಾರು ನಾಲ್ಕು ದಿಕ್ಕಿಗೂ ಸಮನಾಗಿ ಹೆಣೆದುಕೊಳ್ಳುವಂತೆ ಅಲುಗಿಸುವನು. ಈ ಒಂದು ಅಲುಗಿನಲ್ಲಿಯೇ ಅವನ ಆಯುಷ್ಯದ ಅಭ್ಯಾಸವೆಲ್ಲ ಅಡಗಿರುವುದು. ಎರಡನೆಯವನು ಹಸಿಯ ಹಾಳೆಯನ್ನು ಉಣ್ಣೆಯ ಕಂಬಳಿಯ ಮೇಲೆ ಬೋರಲು ಹಾಕುವನು. ಒತ್ತಿ, ಗಾಳಿಮಾಳಿಗೆಯಲ್ಲಿ ಒಣಗಿಸಿ, ಸರೇಸು ಕುಡಿಸಿ, ಮತ್ತೆ ಒಣಗಿಸಿ, ಕಡೆಗೆ ಒಂದೊಂದನ್ನೂ ಬೆಳಕಿಗೆ ಹಿಡಿದು ನೋಡುವರು. ಯಂತ್ರದಲ್ಲಿ ನಾರೆಲ್ಲ ಹೆಚ್ಚಾಗಿ ಒಂದೇ ದಿಕ್ಕಿಗೆ ಮಲಗುವುದರಿಂದ ಆ ಹಾಳೆಯು ತೊಯ್ದಾಗ ಒಂದು ಕಡೆಗೆ ಹೆಚ್ಚು ಹಿಗ್ಗಿ ಸುರುಳುವುದು. ಕೈಹಾಳೆಯು ಎಲ್ಲ ಕಡೆಗೂ ಒಂದೇ ಸಮನಾಗಿ ಹಿಗ್ಗಿ ಕುಗ್ಗುವುದು.

ಇಷ್ಟು ಶ್ರಮಪಟ್ಟ ಹಾಳೆಗೆ ಬೆಲೆ ಹೆಚ್ಚಾಗದೆ ವಿಧಿಯಿಲ್ಲ. ನಾರ್ತನಿಗೆ ಲಾಭವಾಗಲಿಲ್ಲ, ಈ ಸಾಹಸವು ಅವನ ಬಹುಭಾಗ ಹಣವನ್ನೂ, ಚಿತ್ರ ಬರೆಯಬೇಕಾದ ವರ್ಷಗಳನ್ನೂ ನುಂಗಿತು. ೧೯೨೪ರಲ್ಲಿ ಅವನು ತೀರಿಕೊಂಡಾಗ, ಕಾಗದಕ್ಕಾಗಿ ಕೈ ಸುಟ್ಟುಕೊಂಡವನೆಂಬ ಮಾತು ಅವನ ಹೆಸರಿಗೆ ಅಂಟಿಕೊಂಡಿದ್ದಿತು.

ಇದು ವಿವೇಕವೇ ಎಂದು ವ್ಯವಹಾರಜ್ಞರು ಕೇಳುವರು. ಚಿತ್ರಕಾರನು ಚಿತ್ರ ಬರೆಯಲಿ, ಕಾಗದಗಾರನು ಕಾಗದ ಮಾಡಲಿ ಎಂಬುದು ನ್ಯಾಯವಾದ ಮಾತೇ. ನಾರ್ತ್ ವ್ಯಾಪಾರದ ಒಳಗುಟ್ಟನ್ನು ಅರಿಯದೆ ಕಂಪನಿ ಹೂಡಿದುದು ತಪ್ಪೆಂದು ನಮಗೂ ತೋರುವುದು. ಮುದ್ರಣಾಲಯವನ್ನಿಟ್ಟು ಇಂಥದೇ ತಪ್ಪನ್ನು ಮಾಡಿದ ನಾವು ಈ ವಿಷಯದಲ್ಲಿ ಅಧಿಕಾರದಿಂದ ನುಡಿಯಬಲ್ಲೆವು. ಆದರೆ ರಸ್ಕಿನ್ ಸರ್ಕಾರವನ್ನು ಕೇಳಿದನು, ಸರ್ಕಾರವು ಮಾಡಲಿಲ್ಲ. ಕಾರ್ಖಾನೆಗಳು ಕೊಳ್ಳುವವರನ್ನು ನೋಡಿದುವು, ಕೊಳ್ಳುವವರು ಅಗ್ಗವನ್ನು ನೋಡಿದರು. ಎಲ್ಲರೂ ಕೈಬಿಟ್ಟ ಕೆಲಸವನ್ನು ಅದರ ಅಭಾವದಿಂದ ನೋಯುವವನು ಹಿಡಿಯದಿದ್ದರೆ ಇನ್ನಾರು ಹಿಡಿಯಬೇಕು? ನೂರು ಗಿನಿಗೆ ಚಿತ್ರ ಮಾರಿದವರು ಹಾಳೆಗೆ ನಾಲ್ಕು ಪೆನ್ಸ್ ಹೆಚ್ಚು ಕೊಡಲು ಹಿಂಜರಿದಿದ್ದರೆ, ಆ ಲಜ್ಜೆಯು ನಾರ್ತನದಲ್ಲ. ಅವನು ಹೆದರಿದ ಭಯವು ಸುಳ್ಳಲ್ಲವೆಂಬುದಕ್ಕೆ ಬೇರೆ ಸಾಕ್ಷಿಯೂ ಬೇಗನೆ ದೊರೆಯಿತು. ೧೮೯೮ರಲ್ಲಿ ಲಂಡನ್ನಿನ ಕಲಾಸೊಸೈಟಿಯ ಸಮಿತಿಯು ಕಾಗದದ ಅವನತಿಯನ್ನು ವಿಚಾರಿಸಿ, ಅರೆದ ಮರದ ನಾರನ್ನೇ ಮುಖ್ಯ ದೋಷಿಗಳಲ್ಲಿ ಎಣಿಸಿತು.

ಹೇಲ್ ಮಿಲ್ ೧೯೮೭ರಲ್ಲಿ ಮುಚ್ಚಿತು. ಅಷ್ಟರಲ್ಲಿ ಚಿಂದಿಯ ಕುಲವೇ ಕೆಟ್ಟುಹೋಗಿದ್ದಿತು. ಉಡುವ ಅರಿವೆಯಲ್ಲಿ ನೈಲಾನ್, ಟೆರಿಲಿನ್ ಬೆರೆತ ಮೇಲೆ ಆರಿಸುವವರ ಕಣ್ಣಿಗೆ ಹತ್ತಿ ಯಾವುದು, ಎಣ್ಣೆಯಿಂದ ಹುಟ್ಟಿದ ನೂಲು ಯಾವುದು ಎಂದು ತಿಳಿಯದಾಯಿತು. ಒಂದು ಎಳೆ ತಪ್ಪಿ ಬಂದರೂ ಹಾಳೆ ಕೆಟ್ಟಿತು. ಆದುದರಿಂದ ಒಳ್ಳೆಯ ಜಲವರ್ಣದ ಕಾಗದವನ್ನು ಈಗ ಹೆಚ್ಚಾಗಿ ಹತ್ತಿಬೀಜಕ್ಕೆ ಅಂಟಿ ಉಳಿಯುವ ಗಿಡ್ಡ ನಾರಿನಿಂದ ಮಾಡುವರು. ಹುಳಿ ಸೇರದಂತೆ ಸುಣ್ಣದ ಅಂಶವನ್ನು ಬೆರಸುವರು. ಕೆಲವು ಕಾರ್ಖಾನೆಗಳು ಇಂದಿಗೂ ಸರೇಸನ್ನು ಬಿಟ್ಟಿಲ್ಲ.

ಚಿಂದಿಯನ್ನೇ ನೆಚ್ಚಿದವರು ನಮ್ಮ ನಾಡಿನಲ್ಲಿಯೂ ಇರುವರೆಂಬುದು ಸಂತೋಷದ ಸಂಗತಿ. ವಾರ್ಧಾದಲ್ಲಿ ೧೯೩೪ರಲ್ಲಿ ಗ್ರಾಮೋದ್ಯೋಗ ಸಂಘವು ಹುಟ್ಟಿದಾಗ ಕೈಕಾಗದವು ಅದರ ಉದ್ಯೋಗಗಳಲ್ಲೊಂದಾಗಿದ್ದಿತು. ಆದರೆ ಅಲ್ಲಿಯ ಗುರಿ ಬರೆಯುವ ಕಾಗದ. ಅದಾದ ಬಹುಕಾಲದ ಮೇಲೆ ಕರ್ನಾಟಕದ ತಾರಿಹಾಳದಲ್ಲಿ ಬನಿಯನ್ ಬಟ್ಟೆಯ ಕತ್ತರಿಚೂರುಗಳಿಂದ, ಪರದೇಶದ ಚಿತ್ರಕಾರರೂ ಕೊಳ್ಳುವಂಥ ಜಲವರ್ಣದ ಹಾಳೆಗಳನ್ನು ಕೈಯಿಂದಲೇ ಎತ್ತತೊಡಗಿದರು. ದರ್ಜಿಯ ಕತ್ತರಿಯಿಂದ ಬಿದ್ದ ಹೊಸ ಚೂರಿನಲ್ಲಿ ನಾರು ಸವೆದಿರುವುದಿಲ್ಲ; ಬೀಜದ ಗಿಡ್ಡ ನಾರಿಗಿಂತ ಅದು ಉದ್ದವೂ ಹೌದು. ನಮ್ಮ ವೆಂಕಟಪ್ಪನವರು ೧೯೨೬ರ ಸುಮಾರಿನಲ್ಲಿ ನೀಲಗಿರಿಯ ಮಂಜನ್ನು ಜಲವರ್ಣದಲ್ಲಿ ಹಿಡಿದರು; ಅವರ ಗುರು ಅವನೀಂದ್ರನಾಥರ ಪದ್ಧತಿಯಲ್ಲಿ, ಬಣ್ಣ ಹಚ್ಚಿದ ಹಾಳೆಯನ್ನು ಮತ್ತೆ ಮತ್ತೆ ನೀರಿನಲ್ಲಿ ಅದ್ದುವರು. ಆ ಸ್ನಾನವನ್ನು ತಾಳುವ ಹಾಳೆ ಈ ನೆಲದಲ್ಲಿಯೇ ಆಗುವುದೆಂಬುದನ್ನು ಕೇಳಿ ಆ ಹಿರಿಯರು ಏನೆನ್ನುತ್ತಿದ್ದರೋ!

ಈ ಲೇಖನವನ್ನು ಬರೆಯುವ ಮೊದಲು ನಮ್ಮೂರಿನ ಡ್ರಾಯಿಂಗ್ ಮಾಸ್ತರರೊಬ್ಬರನ್ನು ಕಂಡು ಮಾತನಾಡಿದೆವು. ಅವರು ಹೇಳಿದ ಒಂದು ಸಂಗತಿಯು ನಮ್ಮ ಮನಸ್ಸಿಗೆ ನೆಟ್ಟಿತು. ಹುಡುಗರು ಅಂಗಡಿಯ ತೆಳು ಹಾಳೆಯಲ್ಲಿ ಆಕಾಶ ಬರೆಯುವರು. ನೀರು ತಾಗಿದೊಡನೆ ಹಾಳೆ ಉಬ್ಬಿ, ಬಣ್ಣ ಕಲೆಕಲೆಯಾಗಿ ನಿಲ್ಲುವುದು. ಹುಡುಗನು ಕಾಗದವನ್ನು ದೂರುವುದಿಲ್ಲ. "ಸರ್, ನನಗೆ ಇದು ಬರೋದಿಲ್ಲ" ಎಂದು ಕುಂಚವನ್ನು ಕೆಳಗಿಡುವನು. ಹಾಗೆ ಇಟ್ಟವರಲ್ಲಿ ಹಲವರು ಮತ್ತೆ ಎತ್ತಿಕೊಂಡುದನ್ನು ತಾವು ಕಾಣಲಿಲ್ಲವೆಂದರು. ಮೂವತ್ತು ಅಂಗುಲ ಉದ್ದ, ಇಪ್ಪತ್ತೆರಡು ಅಂಗುಲ ಅಗಲದ ಒಳ್ಳೆಯ ಹಾಳೆಯ ಬೆಲೆಯನ್ನು ಅವರ ಶಾಲೆಯು ಭರಿಸಲಾರದು. ಆದುದರಿಂದ ವರ್ಷಕ್ಕೊಮ್ಮೆ ಸ್ವಂತ ಸಂಬಳದಲ್ಲಿ ಅಂಥ ಹಾಳೆಗಳನ್ನು ತರಿಸಿ, ಒಂದೊಂದನ್ನೂ ಹದಿನಾರು ತುಂಡು ಮಾಡಿ ಹಂಚುವರಂತೆ. ನಾವು ಹೋದಾಗ ಮೇಜಿನ ಮೇಲೆ ಅಂಥ ತುಂಡೊಂದಿದ್ದಿತು. ಅದರಲ್ಲಿ ಬೇರೇನೂ ಇರಲಿಲ್ಲ. ಮೇಲಿನಿಂದ ಕೆಳಕ್ಕೆ ತೆಳುವಾಗುತ್ತ ಬಂದ ನೀಲಿ, ಅಂಚಿನಲ್ಲಿ ಬಿಟ್ಟ ಕಾಗದದ ಬಿಳುಪು, ಹಿಂದೆ ಪೆನ್ಸಿಲಿನಲ್ಲಿ ಏಳನೆಯ ಇಯತ್ತೆಯ ಹುಡುಗಿಯೊಬ್ಬಳ ಹೆಸರು.